ಮೆಟ್ಟಿಲ ಮೇಲೆ ಓದಿದ ಬ್ಲಾಗು

ಮೊನ್ನೆ ಹೆಬ್ಬಾಳದ ಕಡೆಯ ಒಂದು ಕಲ್ಯಾಣ ಮಂಟಪದಲ್ಲಿ ಊಟಕ್ಕೆ ಕೂತಿದ್ದೆ. ಪಕ್ಕದ ಎಲೆಯಲ್ಲಿ ಕೂತಿದ್ದ ದೂರದ ಸಂಬಂಧದ ಹುಡುಗಿಯೊಬ್ಬಳು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, "ಅಕ್ಕಾ, ನಿಮ್ ಬ್ಲಾಗ್ ಇನ್ನೂ ಇದ್ಯಾ?" ಎಂದು ಕೇಳಿದಳು. ಆ ದನಿ ನನಗೆ ಚೆನ್ನಾಗಿ ಗೊತ್ತು. ಮದುವೆಮನೆಗಳಲ್ಲಿ "ನಿಮ್ಮ ಮಾವನವರು ಇದ್ದಾರಾ?" ಎಂದು ವಿಚಾರಿಸುವವರ ದನಿ ಅದು. ಹೌದೆಂದರೆ ಸಂತೋಷಪಡುವುದಕ್ಕೂ ಇಲ್ಲವೆಂದರೆ ಲೊಚಗುಟ್ಟುವುದಕ್ಕೂ ಒಟ್ಟಿಗೇ ತಯಾರಾಗಿರುತ್ತದೆ.

"ಇದೆ ಕಣೇ. ಓಡಾಡಲ್ಲ, ಅಷ್ಟೇ," ಎಂದೆ.

ಅವಳು ನಕ್ಕಳು, ನಾನೂ ನಕ್ಕೆ. ಆದರೆ ಕೈ ತೊಳೆಯುವ ಸಾಲಿನಲ್ಲಿ ನಿಂತಾಗ ಆ ಮಾತು ಯಾಕೋ ಮತ್ತೆ ಮತ್ತೆ ನೆನಪಾಯಿತು. ಮನೆಗೆ ಬಂದವಳೇ ಸೀರೆ ಕೂಡ ಬದಲಿಸದೆ ಕಂಪ್ಯೂಟರ್ ಮುಂದೆ ಕೂತೆ. ಬಹಳ ದಿನದಿಂದ ಬೀಗ ಹಾಕಿದ್ದ ಮನೆಗೆ ಹೋದ ಹಾಗಾಯಿತು. ಎಲ್ಲ ಇಟ್ಟಲ್ಲೇ ಇತ್ತು.

ನಾನು ಬ್ಲಾಗು ಬರೆಯುತ್ತಿದ್ದೆ ಎಂದರೆ ನೀವು ದೊಡ್ಡದಾಗಿ ಏನೂ ಊಹಿಸಿಕೊಳ್ಳಬೇಡಿ. ಆರ್.ಟಿ. ನಗರದ ಒಂದು ಡಿಟಿಪಿ ಅಂಗಡಿಯಲ್ಲಿ ಕನ್ನಡ ಟೈಪ್ ಮಾಡುವುದು ನನ್ನ ಕೆಲಸ. ಮದುವೆ, ಗೃಹಪ್ರವೇಶ, ನಾಮಕರಣ, ವೈಕುಂಠ ಸಮಾರಾಧನೆ, ಹೀಗೆ ಊರವರ ಸುಖದುಃಖವೆಲ್ಲ ನನ್ನ ಬೆರಳ ತುದಿಯಿಂದಲೇ ಹಾದುಹೋಗುತ್ತದೆ. ಮಗಳು ಚೈತ್ರ ಕಾಲೇಜಿನಲ್ಲಿದ್ದಾಗ ಒಂದು ದಿನ, "ಊರೋರದ್ದೆಲ್ಲ ಟೈಪ್ ಮಾಡ್ತೀಯ, ನಿಂದೂ ಒಂಚೂರು ಮಾಡಮ್ಮ," ಎಂದು ಬ್ಲಾಗು ತೆರೆದುಕೊಟ್ಟಳು. ಹೆಸರೇನಿಡಲಿ ಎಂದು ಕೇಳಿದಳು. ನನಗೆ ತಕ್ಷಣ ಹೊಳೆದದ್ದು ಕಾರ್ಡಿನ ಕೊನೆಯಲ್ಲಿ ದಿನಕ್ಕೆ ನಾಲ್ಕಾರು ಸಲ ಟೈಪ್ ಮಾಡುತ್ತಿದ್ದ ಮಾತು: "ತಮ್ಮ ಆಗಮನಾಭಿಲಾಷಿ." ಅದನ್ನೇ ಇಟ್ಟೆವು. ಹೆಸರಿಗೆ ತಕ್ಕಂತೆ ವರ್ಷಗಟ್ಟಲೆ ಜನರ ಆಗಮನವನ್ನು ಅಭಿಲಾಷಿಸುತ್ತಲೇ ಕೂತಿದ್ದಾಯಿತು.

ಬಂದವರೂ ಇದ್ದರು, ಇಲ್ಲವೆನ್ನಲಾರೆ. "ಚೆನ್ನಾಗಿದೆ ಮೇಡಂ" ಎನ್ನುವವರು ಕೆಲವರು. "ನಮ್ಮಜ್ಜಿಯೂ ಹೀಗೇ" ಎನ್ನುವವರು ಒಬ್ಬಿಬ್ಬರು. ಎಲ್ಲರಿಗಿಂತ ನಿಷ್ಠೆಯ ಓದುಗ ಒಬ್ಬನಿದ್ದ. ನಾನು ಏನು ಬರೆದರೂ ಅರ್ಧ ಗಂಟೆಯೊಳಗೆ ಇಂಗ್ಲಿಷಿನಲ್ಲಿ, ತುಂಬ ಉಪಯುಕ್ತ ಮಾಹಿತಿ, ಇಂಥದ್ದನ್ನೇ ಹುಡುಕುತ್ತಿದ್ದೆ ಎಂದು ಬರೆಯುತ್ತಿದ್ದ. ನಮ್ಮಜ್ಜಿ ಎಮ್ಮೆಯ ಜೊತೆ ಜಗಳವಾಡಿದ್ದನ್ನು ಪರದೇಶದವನೊಬ್ಬ ಹುಡುಕುತ್ತಿದ್ದನಲ್ಲ ಎಂದು ನನಗೆ ಹೆಮ್ಮೆಯೋ ಹೆಮ್ಮೆ. ಪ್ರತಿ ಸಲವೂ ಧನ್ಯವಾದ ಹೇಳುತ್ತಿದ್ದೆ, ಯುಗಾದಿಗೆ ಶುಭಾಶಯವನ್ನೂ ಕೋರಿದ್ದೆ. ಕೊನೆಗೆ ಚೈತ್ರ ನೋಡಿ, "ಅಮ್ಮಾ, ಅದು ಮನುಷ್ಯ ಅಲ್ಲ, ಮೆಷೀನು. ಲೋನ್ ಜಾಹೀರಾತು," ಎಂದಾಗ ಎರಡು ದಿನ ಮಂಕಾಗಿದ್ದೆ. ಹೋಗಲಿ, ಮೆಷೀನಾದರೂ ಮರ್ಯಾದೆಸ್ಥ ಮೆಷೀನು.

ನಿಜವಾದ ಓದುಗರು ಬೇರೆ ಇದ್ದರು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ.

ನಾವು ಮೊದಲನೇ ಮಹಡಿಯ ಬಾಡಿಗೆದಾರರು. ಕೆಳಗಿನ ಮನೆಯಲ್ಲಿ ನಸ್ರೀನ್ ಆಪಾ ಮತ್ತು ಅವರ ಗಂಡ ಬಷೀರ್ ಭಾಯಿ ಇದ್ದರು. ಭಾಯಿ ಶಿವಾಜಿನಗರದ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಮಗಳನ್ನು ನಾಗಸಂದ್ರದ ಕಡೆ ಕೊಟ್ಟಿದ್ದರು. ಆಪಾ ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವರು. ಎಷ್ಟೋ ವರ್ಷ ನಮ್ಮ ನಡುವೆ ಇದ್ದದ್ದು ನೀರು ಬಂತಾ, ಕರೆಂಟು ಹೋಯ್ತಾ ಎನ್ನುವ ಸಂಬಂಧವಷ್ಟೇ.

ನನ್ನದೊಂದು ಕಸುಬಿನ ಚಾಳಿಯಿದೆ. ಅಂಗಡಿಯಲ್ಲಿ ಕಾರ್ಡು ಅಚ್ಚಿಗೆ ಹೋಗುವ ಮುಂಚೆ ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕೇಳಬೇಕು. ತಪ್ಪು ಕಣ್ಣಿಗೆ ಬೀಳದಿದ್ದರೂ ಕಿವಿಗೆ ಬೀಳುತ್ತದೆ. ಹಾಗಾಗಿ ಬ್ಲಾಗಿಗೆ ಬರೆದದ್ದನ್ನೂ ಗಟ್ಟಿಯಾಗಿ ಓದದೆ ಹಾಕುವುದು ನನ್ನಿಂದಾಗದು. ಮನೆಯೊಳಗೆ ಯಜಮಾನರ ಟಿವಿ. ಆದ್ದರಿಂದ ಸಂಜೆ ಫೋನು ಹಿಡಿದು ಮೆಟ್ಟಿಲ ಮೇಲೆ ಕೂತು ಓದಿಕೊಳ್ಳುತ್ತಿದ್ದೆ. ಒಂದು ದಿನ ಹಾಗೆ ಓದುತ್ತಿದ್ದಾಗ ಕೆಳಗಿನಿಂದ ಆಪಾ ಅವರ ದನಿ ಬಂತು. ಅವರು ಹೊಸ್ತಿಲಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದರು.

"ಯಾರ್ ಜೊತೆ ಮಾತಾಡ್ತಿದ್ದೀಯ ವಿಮ್ಲಾ?"

"ಯಾರ ಜೊತೆನೂ ಇಲ್ಲ ಆಪಾ. ಬರ್ದಿದ್ದು ಓದ್ಕೋತಿದ್ದೀನಿ."

"ಹಾಗಾದ್ರೆ ಗಟ್ಟಿಯಾಗಿ ಓದು. ಅರ್ಧಂಬರ್ಧ ಕೇಳಿಸ್ತಿದೆ, ತಲೆ ಕೆಡ್ತಾ ಇದೆ ನಂಗೆ. ಆ ಕಾರ್ಡ್ ಏನಾಯ್ತು?"

ಕಾರ್ಡೆಂದರೆ, ನಾನೇ ಕೆಡಿಸಿದ ಒಂದು ಲಗ್ನಪತ್ರಿಕೆ. "ಉಡುಗೊರೆ ಬೇಡ, ಆಶೀರ್ವಾದವೇ ಉಡುಗೊರೆ" ಎಂದಿರಬೇಕಾದ ಕಡೆ ಅದು ಹೇಗೋ "ಆಶೀರ್ವಾದ ಬೇಡ, ಉಡುಗೊರೆಯೇ ಆಶೀರ್ವಾದ" ಎಂದು ಅಚ್ಚಾಗಿ ಊರೆಲ್ಲ ಹಂಚಿಹೋಗಿತ್ತು. ಗಂಡಿನ ತಂದೆ ಅಂಗಡಿಗೆ ನುಗ್ಗಿ ಕೂಗಾಡಿದ್ದು, ನಾನು ಮೇಜಿನ ಕೆಳಗೆ ಬಿದ್ದ ಪೆನ್ನನ್ನು ಹತ್ತು ನಿಮಿಷ ಹುಡುಕಿದ್ದು, ಮದುವೆಯಾದ ಮೇಲೆ ಅದೇ ಮನುಷ್ಯ ಮೈಸೂರುಪಾಕಿನ ಡಬ್ಬಿ ಹಿಡಿದು ಬಂದು ಏನೂ ಹೇಳದೆ ಇಟ್ಟುಹೋದದ್ದು, ಎಲ್ಲ ಬರೆದಿದ್ದೆ. ಆಪಾ ನಕ್ಕ ರಭಸಕ್ಕೆ ಮೊರದ ಅಕ್ಕಿ ಅರ್ಧ ನೆಲಕ್ಕೆ ಚೆಲ್ಲಿತು. ಇಬ್ಬರೂ ಕೂತು ಬಳಿದೆವು.

ಅಲ್ಲಿಂದ ಅದು ವರ್ಷಗಟ್ಟಲೆಯ ಪರಿಪಾಠವಾಯಿತು. ಆಪಾ ಓದಿದ್ದು ಉರ್ದು ಶಾಲೆಯಲ್ಲಿ, ಅದೂ ಏಳನೆಯವರೆಗೆ. ಕನ್ನಡ ಮಾತು ನೀರು ಕುಡಿದಷ್ಟು ಸಲೀಸು, ಅಕ್ಷರ ಮಾತ್ರ ಅಪರಿಚಿತ. "ಬಸ್ ನಂಬರ್ ಓದ್ತೀನಲ್ಲ, ಸಾಕು ಬಿಡು," ಎನ್ನುತ್ತಿದ್ದರು. ಬ್ಲಾಗೆಂದರೇನು ಎಂದು ಒಮ್ಮೆ ವಿವರಿಸಿದೆ. ಪೂರ್ತಿ ಕೇಳಿ, "ಅಂದ್ರೆ ಬಾಗ್ಲು ತೆಗೆದಿಟ್ಟು ಮಾತಾಡೋದು," ಎಂದರು.

ಅವರು ತಾಳ್ಮೆಯ ಶ್ರೋತೃವೇನಲ್ಲ. ಸೂರ್ಯಾಸ್ತ ಗೀರ್ಯಾಸ್ತ ಬಂದರೆ ಬಾಯಿಗೆ ಸೆರಗು ಮುಚ್ಚಿ ಆಕಳಿಸುತ್ತಿದ್ದರು. "ಆಕಾಶದ್ ಬಣ್ಣ ಬೇಡ, ಅಜ್ಜಿ ಏನಂದ್ಲು ಹೇಳು." ಹಾಗಾಗಿ ನನ್ನ ಬ್ಲಾಗಿನಲ್ಲಿ ಸೂರ್ಯ ಮುಳುಗುವುದನ್ನೇ ಬಿಟ್ಟುಬಿಟ್ಟ. ನಾನು ಯಾರದ್ದಾದರೂ ಕಥೆಯನ್ನು ಅರ್ಧಕ್ಕೆ ಬಿಟ್ಟರೆ ಅವರಿಗೆ ಸಿಟ್ಟು ಬರುತ್ತಿತ್ತು. ನಮ್ಮೂರಿನ ಹಾಲಿನ ಕ್ಯಾನಿನ ರಾಮಯ್ಯನ ಕಳೆದುಹೋದ ಸೈಕಲ್ಲು ಆಮೇಲೆ ಸಿಕ್ಕಿತೇ ಎಂದು ಒಂದು ವಾರ ಪೀಡಿಸಿದರು. ಗೊತ್ತಿಲ್ಲ ಎಂದರೆ ಒಪ್ಪರು. ಕಡೆಗೆ ಅಮೃತಹಳ್ಳಿಗೆ ಫೋನು ಮಾಡಿ ತಮ್ಮನನ್ನು ಕೇಳಿ, ಸಿಗಲಿಲ್ಲವಂತೆ ಎಂದು ವರದಿ ಒಪ್ಪಿಸಿದೆ. "ಪಾಪ," ಎಂದು ಎದ್ದುಹೋದರು, ನಿನ್ನೆ ಮೊನ್ನೆ ಕಳೆದುಹೋದ ಸೈಕಲ್ಲೇನೋ ಎಂಬಂತೆ.

ಅಮೃತಹಳ್ಳಿ ನನ್ನ ತವರು. ಈಗ ನೀವು ಅಲ್ಲಿಗೆ ಹೋದರೆ ಅಪಾರ್ಟ್‌ಮೆಂಟಿನ ನೆರಳಿನಲ್ಲೇ ನಡೆಯಬೇಕು. ನಾನು ಹುಟ್ಟಿದಾಗ ಅದು ಹಳ್ಳಿ. ನಮ್ಮಪ್ಪನದ್ದು ಒಂದು ತುಂಡು ದ್ರಾಕ್ಷಿ ತೋಟ. ಕಲ್ಲುಕಂಬದ ಮೇಲೆ ತಂತಿಯ ಚಪ್ಪರ, ಅದರ ತುಂಬ ಬಳ್ಳಿ. ಮೈಲುತುತ್ತದ ಔಷಧಿ ಹೊಡೆದ ದಿನ ಎಲೆಗಳೆಲ್ಲ ನೀಲಿಯಾಗಿ ಕಾಣುತ್ತಿದ್ದವು, ಅಪ್ಪನ ರೆಪ್ಪೆಯ ಕೂದಲೂ ನೀಲಿ. ಜಕ್ಕೂರಿನ ಕಡೆಯಿಂದ ವಿಮಾನ ಕಲಿಯುವವರ ಪುಟ್ಟ ವಿಮಾನಗಳು ತಲೆಯ ಮೇಲೇ ಬಂದುಬಿಡುತ್ತಿದ್ದವು. ನಾವು ಕೈ ಬೀಸುತ್ತ ಅವುಗಳ ನೆರಳಿನ ಹಿಂದೆ ಓಡುತ್ತಿದ್ದೆವು.

ನಮ್ಮ ಮನೆಯಲ್ಲಿ ಹಕಾರಕ್ಕೆ ಜಾಗವಿರಲಿಲ್ಲ ಎಂದೂ ಒಮ್ಮೆ ಬರೆದಿದ್ದೆ. ಹಾಲು ಆಲು, ಹೂವು ಊವು. ಶಾಲೆಯಲ್ಲಿ ಮೇಷ್ಟ್ರು ಕಿವಿ ಹಿಂಡಿ ಹಿಂಡಿ ನನ್ನ ಬಾಯಿಗೆ ಹಕಾರ ಕೂರಿಸಿದರು. ಈಗಲೂ ತವರಿಗೆ ಹೊರಟರೆ ಹೆಬ್ಬಾಳದ ಫ್ಲೈಓವರ್ ಇಳಿಯುವಷ್ಟರಲ್ಲಿ ಅದು ನಾಲಿಗೆಯಿಂದ ಜಾರಿಬೀಳುತ್ತದೆ. ಟೈಪ್ ಮಾಡುವವಳಿಗೆ ಇಂಥ ಬಾಯಿ!

ದ್ರಾಕ್ಷಿ ಚಪ್ಪರದ ಬಗ್ಗೆ ಬರೆದದ್ದನ್ನು ಓದಿದ ಸಂಜೆ ಅದು ನಡೆದದ್ದು. "ಮಧ್ಯಾಹ್ನ ಇಬ್ಬರೂ ಚಪ್ಪರದ ಕೆಳಗೆ ಗೋಣಿ ಹಾಸಿ ಮಲಗಿ, ಬಾಯಿಗೆ ಸರಿಯಾಗಿ ಬೀಳುವ ಹಾಗೆ ಗೊಂಚಲಿಗೆ ಕಲ್ಲು ಹೊಡೆಯುತ್ತಿದ್ದೆವು," ಎಂದು ಓದಿದೆ.

ಆಪಾ ಕೈಯೆತ್ತಿ ತಡೆದರು. "ಇಬ್ರೂ ಅಂದ್ರೆ? ನೀನು, ಮತ್ತೆ?"

ನಾನು ಫೋನಿನ ಪರದೆಯನ್ನು ಮೇಲೆ ಸರಿಸಿದೆ.

"ನಿನ್ ತಮ್ಮ ಆಗ ಹುಟ್ಟಿರ್ಲಿಲ್ಲ ಅಂತ ನೀನೇ ಹೇಳಿದ್ದೆ. ವಿಮಾನದ್ ಹಿಂದೆ ಓಡಿದ್ದೂ ಇಬ್ರೇ. ಯಾರು ಅದು?"

"ಹಾಗೇ ಸುಮ್ನೆ ಬಂತು ಆಪಾ, ಬರೆಯೋವಾಗ," ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ಮತ್ತೆ ಕೇಳಲಿಲ್ಲ. ಮೇಲೆ ಬಂದು "ಇಬ್ಬರೂ" ಎಂಬುದನ್ನು ಅಳಿಸಿ "ನಾನು" ಎಂದು ತಿದ್ದಿ ಬ್ಲಾಗಿಗೆ ಹಾಕಿದೆ. ಒಬ್ಬಳೇ ಮಲಗಿ ಗೊಂಚಲಿಗೆ ಕಲ್ಲು ಹೊಡೆಯುವ ಹುಡುಗಿಯನ್ನು ಓದಿ ಇಬ್ಬರು ಮೂವರು "ಚೆನ್ನಾಗಿದೆ" ಎಂದರು.

ಅದು ಗಿರಿಜಾ. ನನ್ನ ತಂಗಿ.

ಆಪಾ ಅವರ ಎರಡೂ ಮೂತ್ರಪಿಂಡ ಸೋತಿವೆ ಎಂದು ಗೊತ್ತಾದದ್ದು ಅದರ ಮರುವರ್ಷ. ಮೊದಮೊದಲು ಕಾಲು ಊದುತ್ತಿತ್ತು, ಚಪ್ಪಲಿ ಬಿಗಿಯಾಯಿತು ಎಂದು ದೊಡ್ಡ ಅಳತೆಯದ್ದು ತರಿಸಿಕೊಂಡಿದ್ದರು. ಆಮೇಲೆ ವಾರಕ್ಕೆ ಎರಡು ಸಲ, ನಂತರ ಮೂರು ಸಲ ಡಯಾಲಿಸಿಸ್. ಭಾಯಿ ಬೆಳಿಗ್ಗೆ ಆಟೋದಲ್ಲಿ ಕರೆದುಕೊಂಡು ಹೋಗಿ ಮಧ್ಯಾಹ್ನ ವಾಪಸು ತರುವಷ್ಟರಲ್ಲಿ ಆಪಾ ಹಿಂಡಿ ಒಣಗಿಸಿದ ಬಟ್ಟೆಯಂತೆ ಆಗಿರುತ್ತಿದ್ದರು. ಹೊಸ್ತಿಲಿಗೆ ಬಂದು ಕೂರಲು ಆಗುತ್ತಿರಲಿಲ್ಲ. ಹಾಗಾಗಿ ಮೆಟ್ಟಿಲು ಬಿಟ್ಟು ನಾನೇ ಒಳಗೆ ಹೋಗಲು ಶುರುಮಾಡಿದೆ. ಕಿಟಕಿಯ ಪಕ್ಕದ ಮಂಚದಲ್ಲಿ ಅವರು ಮಲಗಿರುತ್ತಿದ್ದರು, ನಾನು ಚಾಪೆಯ ಮೇಲೆ ಕೂತು ಓದುತ್ತಿದ್ದೆ.

ಆ ವರ್ಷ ನಾನು ಬರೆದಷ್ಟು ಯಾವತ್ತೂ ಬರೆದಿಲ್ಲ. ಅಂಗಡಿಯಲ್ಲಿ ಊಟದ ಹೊತ್ತಿನಲ್ಲಿ ಬರೆಯುತ್ತಿದ್ದೆ, ಬಸ್ಸಿನಲ್ಲಿ ಬರೆಯುತ್ತಿದ್ದೆ. ಎಲ್ಲವೂ ನಗೆಯ ಬರಹಗಳೇ. ಅವರನ್ನು ನಗಿಸದೆ ಮೇಲೆ ಬರಬಾರದು ಎನ್ನುವ ಹಟ. ಬ್ಲಾಗು ಓದುವವರೊಬ್ಬರು, ನಿಮ್ಮ ಬದುಕು ಎಷ್ಟು ಲವಲವಿಕೆಯದ್ದು ಎಂದು ಬರೆದರು. ಅದನ್ನೂ ಆಪಾಗೆ ಓದಿ ಹೇಳಿದೆ. ಅವರು ನಗಲಿಲ್ಲ.

"ವಿಮ್ಲಾ, ನಗೋದೆಲ್ಲ ಆಯ್ತು. ಆ ಇನ್ನೊಬ್ಳದ್ದು ಓದು."

"ಯಾರ್ದು ಆಪಾ?" ಎಂದೆ, ಗೊತ್ತಿದ್ದೂ.

"ಇಬ್ರೂ ಅಂದ್ಯಲ್ಲ. ಅವಳದ್ದು."

"ಅದನ್ನ ಬರೆದಿಲ್ಲ."

"ಬರಿ ಮತ್ತೆ. ನಾನಿರೋದ್ರೊಳಗೆ ಬರಿ."

ಅಡುಗೆಮನೆಯಲ್ಲಿ ಭಾಯಿ ಪಾತ್ರೆಯ ಸದ್ದು ಮಾಡುತ್ತಿದ್ದವರು ತಟ್ಟನೆ ನಿಲ್ಲಿಸಿದರು. ಬರೀತೀನಿ ಎಂದು ಎದ್ದುಬಂದೆ.

ಬರೆಯುವುದು ಅಷ್ಟು ಸುಲಭವಿರಲಿಲ್ಲ. ನಾನು ಆರನೇ ಕ್ಲಾಸು, ಗಿರಿಜಾ ನಾಲ್ಕು. ಇಬ್ಬರಿಗೂ ಒಂದೇ ಕಂಬಳಿ. ವಿಮಾನ ಓಡಿಸುವವನಿಗೆ ತನ್ನ ಪರಿಚಯವಿದೆ ಎಂದು ಅವಳ ನಂಬಿಕೆ. "ನೋಡ್ದ, ನೋಡ್ದ, ನನ್ನೇ ನೋಡ್ದ" ಎಂದು ಕುಣಿಯುತ್ತಿದ್ದಳು. ಶಿವರಾತ್ರಿ ಕಳೆದ ಮೇಲೆ ಒಂದು ದಿನ ಜ್ವರ ಬಂತು. ನಾಟಿ ಔಷಧಿ ಕೊಟ್ಟರು. ಎರಡನೆಯ ದಿನ ಅವಳು ನನ್ನನ್ನು ನೋಡಿ ಅಮ್ಮಾ ಎಂದು ಕರೆದಳು. ಅಪ್ಪ ಯಾರದೋ ಟೆಂಪೋ ಮಾಡಿಕೊಂಡು ಆಸ್ಪತ್ರೆಗೆ ಕರೆದೊಯ್ದರು, ಅಮ್ಮನೂ ಹೋದಳು. ನನ್ನನ್ನು ಪಕ್ಕದ ಮನೆಯಲ್ಲಿ ಬಿಟ್ಟರು. ಅವರು ವಾಪಸು ಬಂದಾಗ ಇಬ್ಬರೇ ಇದ್ದರು. ಮೆದುಳು ಜ್ವರ ಎಂದು ಪಕ್ಕದ ಮನೆಯವರು ತಮ್ಮತಮ್ಮಲ್ಲಿ ಆಡಿಕೊಂಡದ್ದೇ ನನಗೆ ಸಿಕ್ಕ ಸುದ್ದಿ. ನಮ್ಮ ಮನೆಗೆ ಬರುವಷ್ಟರಲ್ಲಿ ಅವಳ ಲಂಗ, ಸ್ಲೇಟು, ಬ್ಯಾಗು ಯಾವುದೂ ಇರಲಿಲ್ಲ. ಫೋಟೋ ಎಂಬುದು ಮೊದಲೇ ಇರಲಿಲ್ಲ.

ಕೆಲವು ದಿನ ಕಳೆದ ಮೇಲೆ ಅಪ್ಪ ನನ್ನನ್ನು ತೋಟಕ್ಕೆ ಕರೆದುಕೊಂಡು ಹೋದರು. ಬಳ್ಳಿ ಕಟ್ಟುತ್ತ, ನನ್ನ ಕಡೆ ನೋಡದೆ, "ಅಮ್ಮನ್ ಮುಂದೆ ಗಿರಿಜಾ ಎಸ್ರು ಎತ್ಬೇಡ ಮಗ. ಅವಳು ತಡ್ಕೊಳಲ್ಲ," ಎಂದರು. ಆಯ್ತಪ್ಪ ಎಂದೆ. ಎತ್ತಲಿಲ್ಲ. ಮರುವರ್ಷ ತಮ್ಮ ಹುಟ್ಟಿದ, ಮನೆ ತುಂಬಿಕೊಂಡಿತು. ಅಪ್ಪ ತೀರಿಕೊಂಡರು, ತೋಟ ಹೋಯಿತು, ನನ್ನ ತಲೆಗೂದಲು ನೆರೆಯಿತು. ಆ ಹೆಸರು ಮಾತ್ರ ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ.

ಇಷ್ಟನ್ನು ಬರೆಯಲು ನನಗೆ ತಿಂಗಳ ಮೇಲೆ ಹಿಡಿಯಿತು. ಊರವರ ತಿಥಿಯ ಕಾರ್ಡುಗಳನ್ನು ಕಣ್ಣು ಮಿಟುಕಿಸದೆ ಟೈಪ್ ಮಾಡುವ ಕೈ "ಗಿರಿಜಾ" ಎಂಬ ಮೂರಕ್ಷರಕ್ಕೆ ಬಂದಾಗಲೆಲ್ಲ ತಪ್ಪು ಕೀಲಿ ಒತ್ತುತ್ತಿತ್ತು.

ಕೊನೆಗೆ ಒಂದು ಸಂಜೆ ಆಪಾ ಅವರ ಮಂಚದ ಪಕ್ಕ ಕೂತು ಓದಿದೆ. ಅವರು ಕಣ್ಣು ಮುಚ್ಚಿಕೊಂಡಿದ್ದರು. ನಡುವೆ ಒಂದೇ ಒಂದು ಮಾತೂ ಆಡಲಿಲ್ಲ. ಟೆಂಪೋದ ಹತ್ತಿರ ಬಂದಾಗ ಓದುವುದನ್ನು ನಿಲ್ಲಿಸಿದೆ. ಅವರು ಕೈಚಾಚಿ ನನ್ನ ತಲೆಯ ಮೇಲಿಟ್ಟರು, ಸೂಜಿ ಚುಚ್ಚಿ ಚುಚ್ಚಿ ಗಂಟುಕಟ್ಟಿದ್ದ ಕೈ. ಓದಿ ಮುಗಿಸಿದೆ.

ಆಪಾ ಕಣ್ಣು ತೆರೆದು, "ನಿಮ್ಮಮ್ಮಂಗೆ ಓದಿದ್ಯಾ?" ಎಂದರು.

"ಅಯ್ಯೋ, ಅಮ್ಮನ್ ಮುಂದೆ ಎತ್ತೋ ಹಾಗಿಲ್ಲ ಆಪಾ."

"ಯಾರ್ ಹೇಳಿದ್ದು?"

"ಅಪ್ಪ."

"ಅವರು ಹೋಗಿ ಎಷ್ಟ್ ವರ್ಷ ಆಯ್ತು?" ಎಂದರು. ಆಮೇಲೆ ಮೆಲ್ಲಗೆ, "ನಾನು ಕೇಳಿ ಏನ್ ಮಾಡ್ಲಿ ವಿಮ್ಲಾ? ನಂಗೆ ಆ ಮಗು ಗೊತ್ತಿಲ್ಲ. ಗೊತ್ತಿರೋರ ಹತ್ರ ಓದು."

ನಾನು ಹೂಂ ಎಂದೆ. ಆದರೆ ಓದಲಿಲ್ಲ. ಬ್ಲಾಗಿಗೂ ಹಾಕಲಿಲ್ಲ. ಈ ಭಾನುವಾರ ಹೋಗೋಣ, ಮುಂದಿನ ಭಾನುವಾರ ಹೋಗೋಣ ಎಂದುಕೊಳ್ಳುತ್ತಲೇ ಇದ್ದೆ. ಅಷ್ಟರಲ್ಲಿ ಒಂದು ಬೆಳಿಗ್ಗೆ ಡಯಾಲಿಸಿಸ್‌ಗೆ ಹೊರಡಲು ಆಟೋ ಬಂದು ನಿಂತಿದ್ದಾಗಲೇ ನಸ್ರೀನ್ ಆಪಾ ಹೋಗಿಬಿಟ್ಟರು.

ಮಗಳು ನಾಗಸಂದ್ರದಿಂದ ಬಂದಳು. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಗಂಡಸರು ಹೊತ್ತುಕೊಂಡು ಹೊರಟರು. ನಾನು ಹೆಂಗಸರ ಜೊತೆ ಗೇಟಿನ ಒಳಗೆ ನಿಂತಿದ್ದೆ. ಬೀದಿಯ ತಿರುವಿನವರೆಗೂ ಕಾಣಿಸಿತು. ಸಂಜೆ ಭಾಯಿ ವಾಪಸು ಬಂದು ಹೊಸ್ತಿಲಲ್ಲೇ ಕೂತರು. "ನೀವು ಓದಿದ ದಿನ ಎರಡು ತುತ್ತು ಜಾಸ್ತಿ ತಿನ್ತಾ ಇದ್ಳು," ಎಂದರು. ನಾನೂ ಮೆಟ್ಟಿಲ ಮೇಲೆ ಕೂತೆ.

ಎರಡು ಮೂರು ತಿಂಗಳಲ್ಲಿ ಅವರು ಮನೆ ಖಾಲಿ ಮಾಡಿ ಮಗಳ ಮನೆಗೆ ಹೋದರು. ಕೆಳಗೆ ಹೊಸಬರು ಬಂದರು, ಒಳ್ಳೆಯ ಜನ, ಬಾಗಿಲು ಹಾಕಿಕೊಂಡಿರುತ್ತಾರೆ.

ಬ್ಲಾಗು ನಿಂತದ್ದು ಹಾಗೆ. ನಾನೇನೂ ನಿಲ್ಲಿಸಬೇಕೆಂದು ತೀರ್ಮಾನಿಸಲಿಲ್ಲ. ಒಂದೆರಡು ಸಲ ಬರೆದೂ ನೋಡಿದೆ. ಗಟ್ಟಿಯಾಗಿ ಓದಿಕೊಂಡರೆ ಗೋಡೆಗೆ ಹೊಡೆದ ಚೆಂಡಿನಂತೆ ನನ್ನ ದನಿ ನನಗೇ ವಾಪಸು ಬರುತ್ತಿತ್ತು. ಯಜಮಾನರು ನನ್ನ ಅವಸ್ಥೆ ನೋಡಲಾರದೆ, "ನಂಗೆ ಓದು, ಕೇಳ್ತೀನಿ," ಎಂದು ಟಿವಿಯನ್ನೂ ಆರಿಸಿದರು. ಅದು ಸಣ್ಣ ತ್ಯಾಗವಲ್ಲ. ಆದರೆ ಎರಡನೆಯ ಪ್ಯಾರಾಕ್ಕೇ "ತುಂಬಾ ಚೆನ್ನಾಗಿದೆ" ಎಂದುಬಿಟ್ಟರು. ಇನ್ನೂ ನಾಲ್ಕು ಪ್ಯಾರಾ ಇತ್ತು. ಇಬ್ಬರಿಗೂ ಮುಜುಗರವಾಗಿ ಕಾಫಿ ಮಾಡಿಕೊಂಡು ಕುಡಿದೆವು.

ಇದೆಲ್ಲ ಆಗಿ ಎರಡು ವರ್ಷದ ಮೇಲಾಯಿತು. ಆ ಮದುವೆಯೂಟದ ದಿನ ಬ್ಲಾಗು ತೆರೆದಾಗ, ಪ್ರಕಟಿಸದ ಕರಡು ಒಂದೇ ಒಂದು ಉಳಿದಿತ್ತು. ಅದಕ್ಕೆ ನಾನು ಶೀರ್ಷಿಕೆಯನ್ನೂ ಕೊಟ್ಟಿರಲಿಲ್ಲ. ಓದಿದೆ. ಅವತ್ತೇ ನಿರ್ಧರಿಸಿದೆ. ಭಾನುವಾರ ಅಮೃತಹಳ್ಳಿಗೆ ಹೊರಟೆ.

ಅಮ್ಮ ತಮ್ಮನ ಮನೆಯಲ್ಲಿದ್ದಾಳೆ. ಅವನು ಮೂರು ಮಹಡಿ ಎಬ್ಬಿಸಿ ಬಾಡಿಗೆಗೆ ಕೊಟ್ಟು ಕೆಳಗೆ ತಾನಿದ್ದಾನೆ. ಅವತ್ತು ಅವನು ಹೆಂಡತಿ ಮಕ್ಕಳ ಜೊತೆ ಯಲಹಂಕಕ್ಕೆ ಹೋಗಿದ್ದ. ಅಮ್ಮ ವರಾಂಡದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಕೂತು ಒಂದಷ್ಟು ಸುಲಿದೆ. ಮಾತು ಎಲ್ಲೆಲ್ಲೋ ಹೋಯಿತು. ಕೊನೆಗೆ, "ಅಮ್ಮ, ಒಂದು ಬರ್ದಿದ್ದೀನಿ. ಓದ್ಲಾ?" ಎಂದೆ.

"ಓದು. ನಿಮ್ಮಜ್ಜಿದಾ?"

"ಇಲ್ಲ. ಗಿರಿಜಾದು."

ಅಮ್ಮನ ಕೈಯಲ್ಲಿದ್ದ ಕಾಯಿ ಹಾಗೇ ನಿಂತಿತು. ಮೊಳಕಾಲ ಮೇಲೆ ಕೈಯೂರಿ ಎದ್ದು ಒಳಗೆ ಹೋದಳು. ಇಷ್ಟು ವರ್ಷ ಕಾಪಾಡಿದ್ದನ್ನು ಒಂದು ಮಾತಿನಲ್ಲಿ ಹಾಳು ಮಾಡಿಬಿಟ್ಟೆನಲ್ಲ ಎಂದುಕೊಂಡೆ. ಒಳಗೆ ಏನೋ ಸದ್ದಾಯಿತು. ಅಮ್ಮ ಮುಖ ತೊಳೆದುಕೊಂಡು, ಸೆರಗಿನಿಂದ ಒರೆಸಿಕೊಳ್ಳುತ್ತ ಬಂದು ಕೂತಳು.

"ಕುಕ್ಕರ್ ಆರ್ಸಿ ಬಂದೆ. ಕೂಗಿದ್ರೆ ಕೇಳ್ಸಕಿಲ್ಲ. ಈಗ ಓದು, ಮೊದ್ಲಿಂದ."

ಓದಿದೆ. ವಿಮಾನದ ಮಾತಿಗೆ ಅಮ್ಮ ನಕ್ಕಳು. ನನ್ನನ್ನೇ ಅಮ್ಮಾ ಎಂದು ಕರೆದ ಮಾತಿಗೆ, "ಅಂಗಾ? ನಂಗೆ ಗೊತ್ತೇ ಇರ್ಲಿಲ್ಲ," ಎಂದಳು. ಜ್ವರದ ವಿಷಯಕ್ಕೆ ಬಂದಾಗ, "ಶಿವರಾತ್ರಿ ಕಳುದ್ಮೇಲಲ್ಲ ಕಣೇ. ಶಿವರಾತ್ರಿ ದಿನಾನೇ ಮೈ ಬಿಸಿ ಇತ್ತು. ಉಪ್ವಾಸ ಮಾಡ್ತೀನಿ ಅಂತ ಕೂತಿದ್ಳು, ಅದ್ಕೇ ಅಂದ್ಕೊಂಡೆ," ಎಂದು ತಿದ್ದಿದಳು. ಅಪ್ಪ ತೋಟದಲ್ಲಿ ಹೇಳಿದ ಮಾತಿನವರೆಗೆ ಬಂದೆ. ಅಮ್ಮ ನನ್ನ ಕೈ ಹಿಡಿದಳು.

"ಅದೊಂದ್ಸಾರಿ ತಿರ್ಗಾ ಓದು."

"ಅಮ್ಮನ್ ಮುಂದೆ ಗಿರಿಜಾ ಎಸ್ರು ಎತ್ಬೇಡ ಮಗ. ಅವಳು ತಡ್ಕೊಳಲ್ಲ."

ಗೇಟಿನಾಚೆ ಯಾರೋ ಸ್ಕೂಟರ್ ನಿಲ್ಲಿಸಿ ಹೋದರು.

"ನಂಗೂ ಅದ್ನೇ ಏಳಿದ್ರು ನಿಮ್ಮಪ್ಪ," ಎಂದಳು. "ಮಗಿನ್ ಮುಂದೆ ಅವಳ್ ಎಸ್ರು ಎತ್ಬೇಡ, ಎದ್ರುಕೊಂಡ್ಬುಡ್ತದೆ, ಇದಾದ್ರೂ ಉಳೀಲಿ ಅಂತ. ನೀನು ಒಂದ್ ದಿನಾನೂ ಕೇಳ್ಲಿಲ್ವಲ್ಲ. ಮರ್ತ್ಬುಟ್ಟವ್ಳೆ, ಒಳ್ಳೇದೇ ಆಯ್ತು ಅಂದ್ಕೊಂಡೆ."

"ನಾನು ಮರ್ತಿಲ್ಲಮ್ಮ."

"ನಾನ್ ಮರೀತೀನೇನೇ?"

ಅಪ್ಪನನ್ನು ದೂರಲು ನಮ್ಮಿಬ್ಬರಿಗೂ ಬಾಯಿ ಬರಲಿಲ್ಲ. ಪಾಪ, ಇಬ್ಬರನ್ನೂ ಕಾಪಾಡಲು ಹೋಗಿ ನಮ್ಮಿಬ್ಬರ ನಡುವೆ ನಿಂತುಬಿಟ್ಟರು. ಅವರು ತಾವು ಯಾರ ಮುಂದೆ ಆ ಹೆಸರು ಎತ್ತುತ್ತಿದ್ದರೋ. ಬಹುಶಃ ದ್ರಾಕ್ಷಿ ಬಳ್ಳಿಯ ಮುಂದೆ. ಅಮ್ಮನೂ ನಾನೂ ಅವರೆಕಾಯಿಯ ಸಿಪ್ಪೆಯ ನಡುವೆ ಕೂತು ಅತ್ತೆವು. ಆಮೇಲೆ ಅಮ್ಮ ಹೇಳುತ್ತಲೇ ಹೋದಳು. ಗಿರಿಜಾ ನನಗಿಂತ ಚಿಕ್ಕವಳಾದರೂ ನನಗಿಂತ ಉದ್ದವಿದ್ದಳಂತೆ, ಅದನ್ನು ನಾನು ಬರೆದೇ ಇಲ್ಲ. ನಿದ್ದೆಯಲ್ಲಿ ಲೆಕ್ಕದ ಮಗ್ಗಿ ಹೇಳುತ್ತಿದ್ದಳಂತೆ, ಅದೂ ತಪ್ಪು ತಪ್ಪಾಗಿ. ಒಂದೇ ಕಂಬಳಿಯಲ್ಲಿ ಮಲಗಿದ್ದ ನನಗೆ ಅದು ಗೊತ್ತಿರಲಿಲ್ಲ. ನಾನು ಎಲ್ಲವನ್ನೂ ಫೋನಿನಲ್ಲಿ ಗುರುತು ಹಾಕಿಕೊಂಡೆ.

"ಇದ್ನ ಜನ ಎಲ್ಲ ಓದ್ತಾರಾ?" ಎಂದು ಕೇಳಿದಳು.

"ಆಕಿದ್ರೆ ಓದ್ತಾರೆ. ಬೇಡ ಅಂದ್ರೆ ಆಕಲ್ಲ."

"ಆಕು. ಎಸ್ರು ಸೇರ್ಸಿ ಆಕು." ಮತ್ತೊಂದು ಕಾಯಿ ಎತ್ತಿಕೊಂಡು, "ನಂಗೆ ಓದು ಅಂತ ನಿಂಗೆ ಏಳಿದ್ದ್ಯಾರು? ನೀನಾಗೇ ಓದೋಳಲ್ಲ ನೀನು," ಎಂದಳು.

"ಕೆಳಗಿನ ಮನೆ ನಸ್ರೀನ್ ಆಪಾ ಅಂತ."

"ಒಂದಿನ ಕರ್ಕೊಂಡ್ ಬಾ. ಊಟ ಮಾಡ್ಕೊಂಡ್ ಓಗ್ಲಿ."

ಆಯ್ತಮ್ಮ ಎನ್ನಲು ಬಾಯಿ ತೆರೆದೆ. ಈಗ ತಾನೇ ಇಷ್ಟೊಂದು ಅತ್ತಿದ್ದಾಳೆ, ವಯಸ್ಸಾಗಿದೆ, ಇನ್ನೊಂದು ಸಾವಿನ ಮಾತು ಇವತ್ತು ಯಾಕೆ ಎನ್ನಿಸಿತು. ಎನ್ನಿಸಿದ ಕೂಡಲೇ ನಾನೂ ಅಪ್ಪನ ಹಾಗೇ ಮಾಡಲು ಹೊರಟಿದ್ದೇನೆ ಎಂದು ತಿಳಿಯಿತು.

"ಅವರು ತೀರ್ಕೊಂಡ್ರಮ್ಮ. ಎರಡು ವರ್ಷ ಆಯ್ತು."

ಅಮ್ಮ ನನ್ನನ್ನೇ ನೋಡಿದಳು. "ಅವ್ರ್ ಬಗ್ಗೆ ಬರ್ದಿದ್ಯಾ?"

"ಇಲ್ಲ."

"ಅದ್ಯಾಕೆ?"

ಅಮ್ಮ ಸುಲಿದ ಕಾಳನ್ನು ನನಗೆಂದು ಒಂದು ಡಬ್ಬಿಗೆ ತುಂಬಿ ಮುಚ್ಚಳ ಒತ್ತಿದಳು. "ಬರ್ದು ತಗೊಂಡ್ ಬಾ. ಮೊದ್ಲು ನಂಗೆ ಓದು, ಆಮೇಲೆ ಊರ್ಗೆಲ್ಲ ಓದ್ಸುವಂತೆ."

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಫೋನು ತೆಗೆದೆ. ಹೆಬ್ಬಾಳ ಬಂದರೂ ಒಂದೇ ಸಾಲಾಗಿತ್ತು: ನಮ್ಮ ಕೆಳಗಿನ ಮನೆಯಲ್ಲಿ ನಸ್ರೀನ್ ಆಪಾ ಇದ್ದಾರೆ. ಕೊನೆಯ ಪದವನ್ನು "ಇದ್ದರು" ಎಂದು ತಿದ್ದಬೇಕಿತ್ತು. ತಿದ್ದುವಷ್ಟರಲ್ಲಿ ನಾನು ಇಳಿಯಬೇಕಾದ ಸ್ಟಾಪು ದಾಟಿಹೋಗಿತ್ತು.